ಗೇಟಿನ ಮುಂದಿನ ರಾಮೆನ್ ಪಂಕ್ತಿ

ಐವತ್ತಾರನೇ ವಯಸ್ಸಿನಲ್ಲಿ ಮನುಷ್ಯ ಹೊಸದಾಗಿ ಹಚ್ಚಿಕೊಳ್ಳಬಹುದಾದ ಚಟಗಳು ಬಹಳ ಇಲ್ಲ. ಬೆಳಗಿನ ನಡಿಗೆ, ವಾಟ್ಸಾಪಿನಲ್ಲಿ ಗುಲಾಬಿ ಹೂವಿನ ಜೊತೆ ಶುಭೋದಯ ಕಳಿಸುವುದು, ಕಂಡವರ ಸಕ್ಕರೆ ಕಾಯಿಲೆಗೆ ಮದ್ದು ಹೇಳುವುದು, ಇಷ್ಟರಲ್ಲೇ ಮುಗಿಯುತ್ತದೆ. ನಾನು ಇವು ಮೂರನ್ನೂ ಬಿಟ್ಟು ರಾಮೆನ್ ಹಚ್ಚಿಕೊಂಡೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ವಾಸಿ, ಯಾಕೆಂದರೆ ಮುಂದೆ ಹೇಳಬೇಕಾದದ್ದು ಇದಕ್ಕಿಂತ ನಾಚಿಕೆಯ ಸಂಗತಿ.

ನಾನು ಶಂಕರಘಟ್ಟದ ಕ್ಯಾಂಪಸ್ಸಿನ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಮತ್ತು ಹಿಂದಕ್ಕೆ ಪಡೆಯುವ ಕೌಂಟರಿನ ಹಿಂದೆ ಇಪ್ಪತ್ತೇಳು ವರ್ಷದಿಂದ ಕೂತಿದ್ದೇನೆ. ಕೊಡುವುದು ಸುಲಭ. ಹಿಂದಕ್ಕೆ ಪಡೆಯುವುದರಲ್ಲೇ ನನ್ನ ಆಯುಸ್ಸು ಹೋಗಿದೆ. ಮನೆ ಇರುವುದು ಶಿವಮೊಗ್ಗದಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಇಷ್ಟು ವರ್ಷವೂ ನನ್ನ ಚೀಲದಲ್ಲಿ ಒಂದು ಸ್ಟೀಲ್ ಡಬ್ಬಿ, ಡಬ್ಬಿಯಲ್ಲಿ ಮೊಸರನ್ನ, ಮೊಸರನ್ನದ ಮೂಲೆಯಲ್ಲಿ ನಿಂಬೆಕಾಯಿ ಉಪ್ಪಿನಕಾಯಿ ಇರುತ್ತಿತ್ತು. ಇದು ಪ್ರಕೃತಿ ನಿಯಮ ಎಂದು ನಾನು ತಿಳಿದಿದ್ದೆ. ಕಳೆದ ವರ್ಷ ಜೂನ್ ಕೊನೆಯಲ್ಲಿ ನನ್ನ ಹೆಂಡತಿ ವಸುಧಾ ರಾತ್ರಿ ಊಟದ ಹೊತ್ತಿಗೆ, ಹುಳಿಗೆ ಉಪ್ಪು ಸಾಕಾ ಎಂದು ಕೇಳುವ ದನಿಯಲ್ಲೇ, "ನಾಳೆಯಿಂದ ಬೆಳಿಗ್ಗೆ ಏಳೂವರೆಗೆ ನಂಗೆ ವೀಣೆ ಕ್ಲಾಸು. ನಿಮ್ಮ ಡಬ್ಬಿ ನೀವೇ ನೋಡ್ಕೊಳ್ರೀ" ಎಂದಳು. ಮಾರನೆಯ ಬೆಳಿಗ್ಗೆ ನಾನು ನೋಡಿದೆ. ಡಬ್ಬಿ ಖಾಲಿಯಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದೆ. ಆಗಲೂ ಖಾಲಿಯಿತ್ತು. ಬಸ್ಸಿಗೆ ಹೊತ್ತಾಯಿತೆಂದು ಹೊರಟೆ.

ಹೀಗೆ ನಾನು ಇಪ್ಪತ್ತೇಳು ವರ್ಷದಲ್ಲಿ ಮೊದಲ ಬಾರಿಗೆ ಮಧ್ಯಾಹ್ನ ಒಂದು ಗಂಟೆಗೆ ಕ್ಯಾಂಪಸ್ಸಿನ ಗೇಟಿನಾಚೆ ಕಾಲಿಟ್ಟೆ. ಅಲ್ಲಿ ಚಿತ್ರಾನ್ನ, ಬೋಂಡ, ಗಿರ್ಮಿಟ್ಟು ಸಿಗುತ್ತದೆ ಎಂದು ಕೇಳಿದ ನೆನಪಿತ್ತು. ನಾನು ಹೋಗುವಷ್ಟರಲ್ಲಿ ಲೋಕ ಬದಲಾಗಿತ್ತು. ಹಾಸ್ಟೆಲ್ಲಿನ ಹುಡುಗಿಯರು ಮೊಬೈಲಿನಲ್ಲಿ ಕೊರಿಯಾದ ಧಾರಾವಾಹಿಗಳನ್ನು ನೋಡುತ್ತಾರಂತೆ. ಅದರಲ್ಲಿ ಪ್ರೇಮಿಸುವವರು, ಪ್ರೇಮ ಮುರಿದವರು, ಕೊಲೆ ಮಾಡಿದವರು, ಕೊಲೆಗಾರನನ್ನು ಹಿಡಿಯುವ ಪೊಲೀಸರು ಎಲ್ಲರೂ ಕಂತಿಗೆರಡು ಸಲ ಕೂತು ದೊಡ್ಡ ಬಟ್ಟಲಲ್ಲಿ ರಾಮೆನ್, ಅಂದರೆ ಬಿಸಿ ಸಾರಿನಲ್ಲಿ ಮುಳುಗಿಸಿದ ಉದ್ದುದ್ದ ಶಾವಿಗೆ, ಹೀರುತ್ತಾರೆ. ಅದನ್ನು ನೋಡಿ ನೋಡಿ ನಮ್ಮ ತರೀಕೆರೆ, ಶಿಕಾರಿಪುರ, ಚನ್ನಗಿರಿಯ ಮಕ್ಕಳಿಗೂ ಅದೇ ಬೇಕಾಯಿತು. ಕೇಳುವವರಿದ್ದ ಮೇಲೆ ಮಾಡುವವರು ಹುಟ್ಟಿಕೊಂಡರು. ಗೇಟಿನ ಮುಂದೆ ಸಾಲಾಗಿ ಮೂರು ರಾಮೆನ್ ಅಂಗಡಿಗಳು ಎದ್ದಿದ್ದವು.

ಮೊದಲನೆಯದು ಮೂಲತಃ ಜೆರಾಕ್ಸ್ ಅಂಗಡಿ. ಈಗಲೂ ಜೆರಾಕ್ಸ್ ಅಂಗಡಿಯೇ, ಬೋರ್ಡಿನಲ್ಲಿ ಮಾತ್ರ ಹೆಸರಿನ ಹಿಂದೆ 'ಸಿಯೋಲ್' ಸೇರಿದೆ. ಒಂದು ಬದಿಯಲ್ಲಿ ಪ್ರಬಂಧಗಳಿಗೆ ಸ್ಪೈರಲ್ ಬೈಂಡಿಂಗ್, ಇನ್ನೊಂದು ಬದಿಯಲ್ಲಿ ರಾಮೆನ್. ಪ್ಯಾಕೆಟ್ ಹರಿಯುವುದು, ಬಿಸಿನೀರು ಸುರಿಯುವುದು, ಮೇಲೊಂದು ಚೀಸ್ ಹಾಳೆ ಹೊದಿಸುವುದು, ಇದೆಲ್ಲ ಜೆರಾಕ್ಸಿನಷ್ಟೇ ವೇಗವಾಗಿ ನಡೆಯುತ್ತದೆ. ಪ್ರತಿಯೊಂದು ಬಟ್ಟಲೂ ಹಿಂದಿನದರ ಪಡಿಯಚ್ಚು. ಎರಡನೆಯದು ಟೋಕಿಯೋ ದರ್ಶಿನಿ. ಮಾಲೀಕರು ಮೂವತ್ತು ವರ್ಷ ಇಡ್ಲಿ ಮಾರಿದವರು. ನಾನು ರಾಮೆನ್ ಕೇಳಿದಾಗ ಅವರು ಮುಖವೆತ್ತದೆ, "ಡಿಪ್ಪಾ, ಸಪರೇಟಾ?" ಎಂದು ಕೇಳಿದರು. ಸಪರೇಟ್ ಎಂದೆ. ತಟ್ಟೆಯಲ್ಲಿ ಶಾವಿಗೆಯಂಥದ್ದು, ಪಕ್ಕದ ಬಟ್ಟಲಲ್ಲಿ ಸಾಂಬಾರಿನಂಥದ್ದು, ಜೊತೆಗೆ ಯಾರೂ ಕೇಳದ ಕಾಯಿಚಟ್ನಿ ಬಂತು. ಜಪಾನಿನವರು ಒಮ್ಮೆ ಬಂದು ನೋಡಿ ಹೋಗಬೇಕು ಎನಿಸಿತು.

ಮೂರನೆಯದಕ್ಕೆ ಬೋರ್ಡಿಲ್ಲ. ತಗಡಿನ ಒಂದು ಗೂಡು, ಮುಂದೊಂದು ಹಲಗೆ, ಹಲಗೆಯ ಮುಂದೆ ನಾಲ್ಕು ಪ್ಲಾಸ್ಟಿಕ್ ಸ್ಟೂಲು. ಒಳಗೆ ಸೆಲ್ವಿ. ಭದ್ರಾವತಿಯವಳು, ನಲವತ್ತರ ಆಸುಪಾಸು, ಕಾರ್ಖಾನೆಯ ಕಡೆಯ ತಮಿಳು ಮನೆತನ. ಇವಳ ರಾಮೆನ್ ಪ್ಯಾಕೆಟ್ಟಿನದಲ್ಲ. ಗೋಧಿ ಹಿಟ್ಟನ್ನು ಬೆಳಿಗ್ಗೆಯೇ ಕಲಸಿ, ಚಕ್ಕುಲಿ ಒರಳಿಗೆ ತುಂಬಿ, ಕುದಿಯುವ ನೀರಿಗೆ ನೇರ ಒತ್ತುತ್ತಾಳೆ. ಮೇಲೆ ಸುರಿಯುವುದು ಹುರುಳಿ ಕಟ್ಟಿನ ಸಾರು, ಬೆಳಿಗ್ಗೆ ಎಂಟಕ್ಕೆ ಒಲೆಗಿಟ್ಟದ್ದು, ಒಂದು ಗಂಟೆಯ ಹೊತ್ತಿಗೆ ಕಂದಾಗಿ ಗಟ್ಟಿಯಾಗಿರುತ್ತದೆ. ಬೇಕಾದವರಿಗೆ ಬೇಯಿಸಿದ ಮೊಟ್ಟೆ. ಮೊಟ್ಟೆಯ ಸೌಟು ಬೇರೆ ತಾನೇ ಎಂದು ನಾನು ಮೊದಲ ದಿನ ಸೌಟಿನ ವಿಚಾರಣೆ ಮಾಡಿದೆ. ಹೇಳಿಕೊಳ್ಳಲು ಸಂಕೋಚವೇ, ಆದರೆ ಮಾಡಿದೆ. ಅವಳು ಬೇಸರಿಸದೆ ಎರಡು ಸೌಟು ಎತ್ತಿ ತೋರಿಸಿದಳು. ಒಂದರ ಹಿಡಿಕೆಗೆ ಹಸಿರು ದಾರ, ಇನ್ನೊಂದಕ್ಕೆ ಕೆಂಪು. "ಹಸಿರು ನಿಮ್ದು ಸಾರ್. ಕೆಂಪುದು ಈ ಕಡೆ ದಾಟಲ್ಲ" ಎಂದಳು. ಕೂತೆ, ತಿಂದೆ. ವಸುಧಾಳ ವೀಣೆ ಮೇಷ್ಟ್ರಿಗೆ ಮನಸ್ಸಿನಲ್ಲೇ ನಮಸ್ಕಾರ ಹೇಳಿದೆ.

ಗ್ರಂಥಾಲಯದವನಾದ್ದರಿಂದ ನನಗೆ ಯಾವುದನ್ನೇ ಆಗಲಿ ಒಂದು ವರ್ಗಕ್ಕೆ ಸೇರಿಸಿ ಬೆನ್ನಿಗೆ ಚೀಟಿ ಅಂಟಿಸದಿದ್ದರೆ ನಿದ್ದೆ ಬರುವುದಿಲ್ಲ. ನಮ್ಮ ಹಿರಿಯರು ಆಹಾರವನ್ನು ನಾಲ್ಕು ಬಗೆ ಮಾಡಿದ್ದಾರೆ. ಕಡಿದು ತಿನ್ನುವುದು ಭಕ್ಷ್ಯ, ಕಲಸಿ ಉಣ್ಣುವುದು ಭೋಜ್ಯ, ನೆಕ್ಕುವುದು ಲೇಹ್ಯ, ಹೀರುವುದು ಚೋಷ್ಯ. ರಾಮೆನ್ ಯಾವುದು? ಎಳೆಯನ್ನು ಕಚ್ಚಿದರೆ ಮೊದಲನೆಯದು, ಸಾರಿನೊಂದಿಗೆ ಬೆರೆಸಿದರೆ ಎರಡನೆಯದು, ಬಟ್ಟಲಿನ ಅಂಚಿಗೆ ಅಂಟಿದ್ದನ್ನು ಯಾರೂ ನೋಡದಾಗ ಬೆರಳಿನಿಂದ ತೆಗೆದರೆ ಮೂರನೆಯದು, ಒಂದು ತುದಿ ಬಾಯಿಗಿಟ್ಟು ಸುರ್ರೆಂದು ಎಳೆದುಕೊಂಡರೆ ನಾಲ್ಕನೆಯದು. ಹೀಗೆ ಒಂದೇ ಬಟ್ಟಲು ನಾಲ್ಕೂ ಕಪಾಟಿನಲ್ಲಿ ಕೂರುತ್ತದೆ. ಇಂಥ ಪುಸ್ತಕ ಬಂದರೆ ನಾವು ಸಾಮಾನ್ಯವಾಗಿ ಅದನ್ನು ಮೇಜಿನ ಮೇಲೆಯೇ ಬಿಟ್ಟು, ಮುಂದೆ ಬರುವ ಅಧಿಕಾರಿ ನೋಡಿಕೊಳ್ಳಲಿ ಎಂದು ಸುಮ್ಮನಾಗುತ್ತೇವೆ. ನಾನೂ ಸುಮ್ಮನಾಗಿ ಇನ್ನೊಂದು ಬಟ್ಟಲು ಹೇಳಿದೆ.

ಎರಡನೆಯ ವಾರಕ್ಕೆ ಸೆಲ್ವಿ ತನ್ನ ವಿಷಯ ಹೇಳಿಕೊಂಡಳು. ಗಂಡ ತೀರಿಕೊಂಡು ಆರು ವರ್ಷ. ಮಗಳು ಪವಿತ್ರಾ ಭದ್ರಾವತಿಯಲ್ಲಿ ಒಂಬತ್ತು ಮುಗಿಸಿ ಹತ್ತನೇ ಕ್ಲಾಸಿಗೆ ಬಂದಿದ್ದಾಳೆ. ಮಗಳು ನೋಡುವ ಧಾರಾವಾಹಿಯನ್ನು ತಾನೂ ಪಕ್ಕದಲ್ಲಿ ಕೂತು ನೋಡಿ, ಇದರಲ್ಲಿ ಏನು ಮಹಾ ಎಂದುಕೊಂಡು ಅಂಗಡಿ ಹಾಕಿದ್ದು. ತಂಗಿ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿದ್ದಾಳೆ, ಬಾ ಬಾ ಎಂದು ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. "ಈ ಸೆಮಿಸ್ಟರ್ ನೋಡ್ತೀನಿ ಸಾರ್. ಹುಡುಗ್ರು ಬಂದು ಕೂತ್ರೆ ಸರಿ, ಇಲ್ಲಾಂದ್ರೆ ದಸರಾ ರಜದಲ್ಲಿ ಗಂಟುಮೂಟೆ ಕಟ್ಟೋದೇ. ಆದ್ರೆ ನಮ್ಮ ಪವಿಗೆ ತಮಿಳು ಮಾತಾಡಕ್ಕೆ ಬರತ್ತೆ, ಓದಕ್ಕೆ ಒಂದಕ್ಷರ ಬರಲ್ಲ. ಅವಳು ಓದಿರೋದೆಲ್ಲ ಕನ್ನಡ. ಹತ್ತನೇ ಕ್ಲಾಸಲ್ಲಿ ಎತ್ಕೊಂಡು ಹೋಗಿ ಅಲ್ಲಿ ಕೂರ್ಸಿದ್ರೆ ಏನ್ ಬರೀತಾಳೆ, ಹೇಳಿ? ಅವಳನ್ನೂ ಬನಿಯನ್ನಿಗೆ ಹಾಕ್ಬೇಕು ಅಷ್ಟೆ" ಎಂದಳು. ಹೇಳುತ್ತಾ ಹಿಟ್ಟು ಒತ್ತುವುದನ್ನು ನಿಲ್ಲಿಸಲಿಲ್ಲ.

ಏನಾದರೂ ಮಾಡಬೇಕು ಎನಿಸಿತು. ನನ್ನಿಂದ ಆಗುವುದೇನು? ಅಂಗಡಿಗೆ ತಪ್ಪದೆ ಬರುವುದು. ಅಂದಿನಿಂದ ಒಂದು ದಿನವೂ ತಪ್ಪಿಸಲಿಲ್ಲ. ಒಂದು ಗಂಟೆಗೆ ಸರಿಯಾಗಿ ಎಡದಿಂದ ಎರಡನೆಯ ಸ್ಟೂಲಿನಲ್ಲಿ ನಾನು ಇರುತ್ತಿದ್ದೆ. ನನ್ನನ್ನು ನೋಡಿ ನಾಲ್ಕು ಜನ ಬರಲಿ ಎನ್ನುವ ಆಸೆ. ಎಷ್ಟೆಂದರೂ ಕ್ಯಾಂಪಸ್ಸಿನಲ್ಲಿ ನನ್ನ ಮುಖ ಎಲ್ಲರಿಗೂ ಪರಿಚಿತ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ನಾನು ಬೆಳೆದದ್ದು ಪುರೋಹಿತರ ಮನೆಯಲ್ಲಿ. ಊಟ ಎಂದರೆ ಪಂಕ್ತಿ. ಪಂಕ್ತಿಯಲ್ಲಿ ಕೂತವರು ಒಟ್ಟಿಗೆ ಏಳಬೇಕು. ಒಬ್ಬರ ಎಲೆಯಲ್ಲಿ ಇನ್ನೂ ಅನ್ನವಿರುವಾಗ ಪಕ್ಕದವನು ಎದ್ದರೆ, ಉಣ್ಣುವವರಿಗೆ ಸಾಕು ಏಳು ಎಂದ ಹಾಗೆ. ನಮ್ಮ ದೊಡ್ಡಪ್ಪನಿಗೆ ಹಲ್ಲು ಕಡಿಮೆ, ಕಥೆ ಜಾಸ್ತಿ. ಮೊಸರನ್ನಕ್ಕೆ ಬರುವಷ್ಟರಲ್ಲಿ ಮಕ್ಕಳ ಕೈ ಒಣಗಿ ಬಿರಿಯುತ್ತಿತ್ತು. ಏಳು ವರ್ಷದವನಾಗಿದ್ದಾಗ ಒಮ್ಮೆ ಬೀದಿಯಲ್ಲಿ ಕೋಲೆಬಸವ ಬಂತೆಂದು ತಡೆಯಲಾರದೆ ಎದ್ದು ಓಡಿದೆ. ವಾಪಸು ಬಂದು ನೋಡಿದರೆ ದೊಡ್ಡಪ್ಪ ಅರ್ಧ ಊಟಕ್ಕೆ ಕೈ ತೊಳೆದು ಜಗಲಿಯಲ್ಲಿ ಕೂತಿದ್ದರು. ಬೈಯಲಿಲ್ಲ. ಅಜ್ಜಿ ಮಾತ್ರ, "ಮುದುಕನ್ನ ಹಸಿದ ಹೊಟ್ಟೇಲಿ ಎಬ್ಬಿಸಿದೆಯಲ್ಲೋ" ಎಂದರು. ಅದೊಂದು ಮಾತು ಸಾಕಾಯಿತು. ಆಮೇಲೆ ಐವತ್ತು ವರ್ಷ ನಾನು ಯಾರ ಪಕ್ಕದಿಂದಲೂ ಮೊದಲು ಎದ್ದವನಲ್ಲ. ಮದುವೆ ಮನೆಗಳಲ್ಲಿ ಎಲೆ ಎತ್ತುವವರು ನನ್ನನ್ನು ಎತ್ತಿದ್ದುಂಟು.

ಈ ಪದ್ಧತಿಯನ್ನು ನಾನು ಸೆಲ್ವಿಯ ಸ್ಟೂಲಿಗೂ ತಂದೆ. ತಂದೆ ಎನ್ನುವುದು ತಪ್ಪು, ಅದು ನನ್ನ ಜೊತೆಗೇ ಬಂತು. ನನ್ನ ಬಟ್ಟಲು ಹತ್ತು ನಿಮಿಷದಲ್ಲಿ ಖಾಲಿಯಾಗುತ್ತಿತ್ತು. ಆಚೆ ತುದಿಯಲ್ಲಿ ಒಬ್ಬ ಇನ್ನೂ ತಿನ್ನುತ್ತಿರುತ್ತಿದ್ದ. ಕಾಯುತ್ತಿದ್ದೆ. ಅವನು ಮುಗಿಸುವಷ್ಟರಲ್ಲಿ ಇನ್ನೊಬ್ಬ ಬಂದು ಕೂತಿರುತ್ತಿದ್ದ. ಮನೆಯ ಪಂಕ್ತಿಗೆ ಒಂದು ಆದಿ, ಒಂದು ಅಂತ್ಯ ಇರುತ್ತದೆ. ಅಂಗಡಿಯ ಪಂಕ್ತಿಗೆ ಅಂತ್ಯವೇ ಇಲ್ಲ ಎಂಬುದು ನನ್ನ ತಲೆಗೆ ಹೋಗಲಿಲ್ಲ. ಸುಮ್ಮನೆ ಕೂತ ನನ್ನನ್ನು ನೋಡಿ ಸೆಲ್ವಿ, ಪಾಪ ಇನ್ನೂ ಹಸಿವಿದೆ ಎಂದುಕೊಂಡು ಇನ್ನೊಂದು ಸೌಟು ಸಾರು ಬಿಡುತ್ತಿದ್ದಳು. ಸಾಕು ಎನ್ನಲು ನಮ್ಮಲ್ಲಿ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯುವುದು ರೂಢಿ. ಹಾಗೆ ಹಿಡಿದೆ. ಕೈ ಕಾಯಿಸಿಕೊಳ್ಳುತ್ತಿದ್ದಾರೆ ಎಂದುಕೊಂಡು ಅವಳು ಇನ್ನಷ್ಟು ಬಿಸಿಯದನ್ನು ಸುರಿದಳು. ಬಡಿಸಿದ್ದನ್ನು ಬಿಡುವ ಹಾಗಿಲ್ಲವಲ್ಲ, ಕುಡಿದೆ. ಎರಡು ಗಂಟೆಯ ಬೆಲ್ಲು ಹೊಡೆದು ವಿದ್ಯಾರ್ಥಿಗಳೆಲ್ಲ ಓಡಿದ ಮೇಲೆ, ಖಾಲಿಯಾದ ಪಂಕ್ತಿಯಿಂದ ತೃಪ್ತಿಯಾಗಿ ಏಳುತ್ತಿದ್ದೆ. ಆ ಎರಡು ತಿಂಗಳು ನನ್ನಷ್ಟು ಸಭ್ಯ ಗಿರಾಕಿ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ ಎನ್ನುವ ಭಾವನೆ ನನಗಿತ್ತು.

ಶನಿವಾರ ಮಾತ್ರ ಪಕ್ಕದಲ್ಲಿ ಪವಿತ್ರಾ ಇರುತ್ತಿದ್ದಳು. ಬೆಳಗಿನ ಸ್ಕೂಲು ಮುಗಿಸಿಕೊಂಡು, ಯೂನಿಫಾರಂ ತೊಟ್ಟೇ ಭದ್ರಾವತಿಯಿಂದ ಬಸ್ಸಿನಲ್ಲಿ ಬಂದು ನನ್ನ ಎಡಗಡೆ ಕೂರುತ್ತಿದ್ದಳು. ಹಲಗೆಯ ಮೇಲೆ ವಿಜ್ಞಾನದ ಪುಸ್ತಕ ತೆರೆದಿಟ್ಟು, ಒಂದು ಸಾಲು ಓದಿ ಒಂದು ಎಳೆ ತಿನ್ನುವುದು ಅವಳ ಕ್ರಮ. ಜೀವಕ್ರಿಯೆಗಳ ಪಾಠಕ್ಕೆ ನಲವತ್ತು ನಿಮಿಷ, ವಿದ್ಯುತ್ತಿಗೆ ಐವತ್ತು. ದೊಡ್ಡಪ್ಪನ ನೆನಪಾಗುತ್ತಿತ್ತು. ನಾನು ಕಾಯುತ್ತಿದ್ದೆ. ಮೊದಲ ಶನಿವಾರ ಸೆಲ್ವಿ, "ಏನಾದ್ರೂ ಬೇಕಾ ಸಾರ್, ಹಂಗೇ ಕೂತಿದೀರಲ್ಲ" ಎಂದು ಕೇಳಿದಳು. "ಏನಿಲ್ಲಮ್ಮ, ಪಕ್ಕದವರು ಊಟ ಮಾಡ್ತಿರುವಾಗ ಏಳಬಾರದು" ಎಂದೆ. ಅವಳು ಒಂದು ಕ್ಷಣ ನನ್ನನ್ನೇ ನೋಡಿ ಒಲೆಯ ಕಡೆ ತಿರುಗಿದಳು.

ಇಷ್ಟಾದರೂ ಅಂಗಡಿ ಏಳಲಿಲ್ಲ. ಜೆರಾಕ್ಸಿನ ಮುಂದೆ ನೂಕುನುಗ್ಗಲು, ದರ್ಶಿನಿಯಲ್ಲಿ ಡಿಪ್ಪು ಸಪರೇಟಿನ ಕೂಗಾಟ. ಇಲ್ಲಿ ನಾನು, ಆಚೆ ತುದಿಯಲ್ಲಿ ಒಬ್ಬ, ನಡುವೆ ಖಾಲಿ. ಈ ಮಕ್ಕಳಿಗೆ ನಾಲಿಗೆಯೇ ಇಲ್ಲ ಎಂದು ನನಗೆ ನಿಜವಾಗಿ ಸಿಟ್ಟು ಬರುತ್ತಿತ್ತು. ಸೆಪ್ಟೆಂಬರ್ ಬಂತು. ಸೆಲ್ವಿ ಹಿಟ್ಟು ಕಡಿಮೆ ಕಲಸತೊಡಗಿದಳು. ತಂಗಿಯ ಫೋನು ವಾರಕ್ಕೆರಡು ಸಲ ಬರತೊಡಗಿತು.

ಒಂದು ಶುಕ್ರವಾರ ಬೆಳಿಗ್ಗೆ ಎಂ.ಎ. ಓದುವ ನಯನಾ ಎಂಬ ಹುಡುಗಿ ಪುಸ್ತಕ ರಿನ್ಯೂ ಮಾಡಿಸಲು ಕೌಂಟರಿಗೆ ಬಂದಳು. ಗೇಟಿನ ಮುಂದೆ ಯಾವ ರಾಮೆನ್ ಒಳ್ಳೆಯದು ಎಂದು ಇವಳೇ ಒಂದು ಪಟ್ಟಿ ಮಾಡಿ ಎಲ್ಲರ ಮೊಬೈಲಿಗೂ ಬಿಟ್ಟಿದ್ದಾಳೆಂದು ನಾನು ಕೇಳಿದ್ದೆ. ಹೊಸಬರು ಆ ಪಟ್ಟಿ ನೋಡಿಯೇ ಊಟಕ್ಕೆ ಹೋಗುತ್ತಿದ್ದರು. ಸಮಯ ಸಿಕ್ಕಿತೆಂದು ವಿಚಾರಿಸಿಯೇಬಿಟ್ಟೆ.

"ಸೆಲ್ವಿದು ಮೂರನೇ ನಂಬರ್ ಅಂತೆ? ಆ ಜೆರಾಕ್ಸಿನವನಿಗಿಂತ ಕೆಳಗಾ? ನಿಂಗೆ ರುಚಿ ಗೊತ್ತಾಗಲ್ವೇನಮ್ಮ?"

"ರುಚಿಗೆ ಹತ್ತಕ್ಕೆ ಹತ್ತು ಕೊಟ್ಟಿದೀನಿ ಸಾರ್. ಕೂರೋ ಜಾಗಕ್ಕೆ ಸೊನ್ನೆ. ಊಟಕ್ಕೆ ಇರೋದೇ ಒಂದು ಗಂಟೆ, ಜಾಗ ಸಿಗದೇ ಇರೋ ಕಡೆ ಯಾರು ಹೋಗ್ತಾರೆ?"

"ನಾಲ್ಕು ಸ್ಟೂಲಿದೆಯಲ್ಲ ಮಾರಾಯ್ತಿ. ದಿನಾ ಖಾಲಿ ಬಿದ್ದಿರತ್ತೆ, ನಾನೇ ನೋಡ್ತೀನಲ್ಲ."

ನಯನಾ ಪುಸ್ತಕವನ್ನು ಎದೆಗೆ ಅವುಚಿಕೊಂಡು ಬಾಗಿಲಿನ ಕಡೆ ನೋಡಿದಳು. "ಬೇಜಾರ್ ಮಾಡ್ಕೋಬೇಡಿ ಸಾರ್. ನಾಲ್ಕರಲ್ಲಿ ಒಂದ್ರಲ್ಲಿ ನೀವಿರ್ತೀರ, ಒಂದರಿಂದ ಎರಡರವರೆಗೂ. ನಿಮ್ಮ ಆಚೆ ಈಚೆ ಯಾರೂ ಕೂರಲ್ಲ. ಎಲ್ರ ಹತ್ರನೂ ಲೈಬ್ರರಿ ಬುಕ್ ಲೇಟಾಗಿದೆ. ರಾಮೆನ್ ತಿಂತಾ ಇರುವಾಗ ನೀವು ಕೇಳಿಬಿಟ್ರೆ? ಆ ಕೊನೇ ಸ್ಟೂಲಲ್ಲಿ ಕೂರೋದು ಬರೀ ಫಿಸಿಕಲ್ ಎಜುಕೇಶನ್ನವ್ರು. ಅವ್ರು ಬುಕ್ಕೇ ತಗೊಂಡಿಲ್ಲ."

ಅವಳು ಹೋದ ಮೇಲೆ ನಾನು ಕೌಂಟರಿನ ಮೇಲೆ ಕೈಯೂರಿ ಕೂತೆ. ಹುಡುಗರು ದೂರದಲ್ಲಿ ನಿಂತು, ತ್ಯಾವರೆಕೊಪ್ಪದ ಸಫಾರಿ ಬಸ್ಸಿನೊಳಗಿಂದ ಸಿಂಹ ನೋಡುವ ಹಾಗೆ ನನ್ನನ್ನು ನೋಡಿ ಮುಂದೆ ಹೋಗುತ್ತಿದ್ದುದು ಒಂದೊಂದೇ ನೆನಪಾಯಿತು. ನಾನು ಅದನ್ನು ಗೌರವ ಎಂದುಕೊಂಡಿದ್ದೆ. ಅಂಗಡಿ ಉಳಿಯಲಿ ಎಂದು ದಿನಾ ಹೋಗಿ ಕೂತವನು ನಾನು. ಅಂಗಡಿ ಮುಳುಗಿಸಿದವನೂ ನಾನೇ. ಒಂದು ಹೆಣ್ಣುಮಗುವಿನ ಹತ್ತನೇ ಕ್ಲಾಸಿನ ಮೇಲೆ ಎರಡು ತಿಂಗಳು ಸಭ್ಯತೆಯಿಂದ ಕೂತಿದ್ದೆ.

ಅವತ್ತು ಊಟಕ್ಕೆ ಹೋಗಲಿಲ್ಲ. ಎರಡೂವರೆಗೆ, ಸೆಲ್ವಿ ಪಾತ್ರೆ ತೊಳೆಯುವ ಹೊತ್ತಿಗೆ ಹೋಗಿ ನಿಂತೇ ಕೇಳಿದೆ.

"ನಾನು ಕೂತಿರೋದ್ರಿಂದ ಜನ ಬರ್ತಿಲ್ಲ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಸಾರ್."

"ಮತ್ತೆ ಯಾಕೆ ಹೇಳ್ಲಿಲ್ಲ ಮಾರಾಯ್ತಿ? ಏಳಿ ಸಾರ್ ಅಂದಿದ್ರೆ ಎದ್ದು ಹೋಗ್ತಿದ್ನಲ್ಲ!"

ಅವಳು ಕೈಯ ಬೂದಿ ತೊಳೆದುಕೊಂಡು ಸೆರಗಿನಲ್ಲಿ ಒರೆಸಿಕೊಂಡಳು. "ಹೆಂಗೆ ಹೇಳೋದು ಸಾರ್? ನಮ್ಮಮ್ಮ ಹಳೇನಗರದಲ್ಲಿ ನಿಮ್ಮಂಥೋರ ಮನೇಲಿ ಪಾತ್ರೆ ತೊಳೀತಿದ್ರು. ನಾನೂ ಹಿಂದೆ ಹೋಗ್ತಿದ್ದೆ. ಹಿತ್ತಲ ಕಲ್ಲಿನ ಮೇಲೆ ಊಟ ಇಡ್ತಿದ್ರು. ಕೆಟ್ಟೋರಲ್ಲ ಸಾರ್, ಹೊಟ್ಟೆ ತುಂಬಾ ಹಾಕ್ತಿದ್ರು. ಆದ್ರೆ ಜೊತೇಲಿ ಯಾರೂ ಕೂರ್ತಿರ್ಲಿಲ್ಲ. ಮೊದಲ್ನೇ ಶನಿವಾರ ನೀವು ನಮ್ಮ ಪವಿ ಪಕ್ಕ ಕೂತ್ರಿ. ನಿಮ್ಮ ಬಟ್ಲು ಒಣಗಿ ಹೋಗಿತ್ತು. ಅವಳು ಮುಗಿಸೋವರೆಗೂ ಏಳ್ಲಿಲ್ಲ. ಏಳಬಾರದು ಅಂದ್ರಿ. ನಾನು ಮನೆಗ್ಹೋಗಿ ಅಮ್ಮಂಗೆ ಹೇಳ್ದೆ. ಅಮ್ಮ ನಂಬ್ಲೇ ಇಲ್ಲ, ಸುಳ್ಳು ಹೇಳ್ತೀಯ ಅಂದ್ರು. ಅಂಥೋರ್ನ ಏಳಿ ಅಂತ ನನ್ನ ಬಾಯಿಂದ ಹೆಂಗೆ ಹೇಳ್ಲಿ? ಅಂಗಡಿ ಹೋದ್ರೆ ಹೋಗ್ಲಿ ಅನ್ಕೊಂಡೆ."

ನಮ್ಮ ಮನೆಯ ಪಂಕ್ತಿಯ ನಿಯಮ ಚೆನ್ನಾಗಿಯೇ ಇತ್ತು. ಆದರೆ ಪಂಕ್ತಿಯಲ್ಲಿ ಯಾರು ಕೂರಬಹುದು ಎನ್ನುವುದು ಅದಕ್ಕೂ ಹಿಂದಿನ ನಿಯಮ. ನಮ್ಮಜ್ಜಿಯ ಕಾಲದಲ್ಲಿ ಸೆಲ್ವಿಯ ತಾಯಿಗೆ ಅಲ್ಲಿ ಎಲೆಯೇ ಬೀಳುತ್ತಿರಲಿಲ್ಲ. ನಮ್ಮ ಹಿತ್ತಲಿನಲ್ಲೂ ಒಂದು ಕಲ್ಲಿತ್ತು. ಅಲ್ಲಿ ಕೂತವರ ಊಟ ಮುಗಿಯಲಿ ಎಂದು ಒಳಗೆ ಯಾರಾದರೂ ಕಾದದ್ದು ನನಗೆ ನೆನಪಿಲ್ಲ. ದೊಡ್ಡಪ್ಪ ಹಸಿದು ಎದ್ದದ್ದಕ್ಕೆ ಐವತ್ತು ವರ್ಷ ನೊಂದ ನಾನು, ಆ ಕಲ್ಲಿನ ಬಗ್ಗೆ ಒಂದು ದಿನವೂ ಯೋಚಿಸಿದವನಲ್ಲ. ಸೌಟು ಬೇರೆಯೇ ಎಂದು ಕೇಳಿಯೇ ಈ ಸ್ಟೂಲಿನಲ್ಲಿ ಕೂತವನು. ಸೆಲ್ವಿ ನನಗೆ ಕೊಟ್ಟ ದೊಡ್ಡತನ ನನ್ನದಲ್ಲ ಎಂದು ಹೇಳಿಬಿಟ್ಟೆ. "ನಾನು ಅವಳಿಗೋಸ್ಕರ ಕಾದಿದ್ದಲ್ಲಮ್ಮ. ಅಭ್ಯಾಸ. ಪಕ್ಕದಲ್ಲಿ ಯಾರಿದ್ರೂ ಕಾಯ್ತಿದ್ದೆ."

"ಅದೇ ಸಾರ್ ನಾನು ಹೇಳಿದ್ದು, ಯಾರಿದ್ರೂ ಕಾದ್ರಿ" ಎಂದು ಅವಳು ಪಾತ್ರೆ ಬೋರಲು ಹಾಕಿದಳು.

ಸಂಜೆ ಮನೆಗೆ ಬಂದು ವಸುಧಾಗೆ ಎಲ್ಲವನ್ನೂ ಹೇಳಿದೆ. ಅವಳು ವೀಣೆಯ ತಂತಿ ಬಿಗಿ ಮಾಡುತ್ತಿದ್ದಳು.

"ಹಾಗಾದ್ರೆ ನಾಳೆ ಬೇಗ ಏಳ್ರೀ" ಎಂದಳು.

"ಐವತ್ತು ವರ್ಷದ ಅಭ್ಯಾಸ ಕಣೆ. ಸುಲಭವಾ?"

"ನಾನೂ ಇಪ್ಪತ್ತೇಳು ವರ್ಷ ಡಬ್ಬಿ ಕಟ್ಟಿದ್ದೆ. ಒಂದು ದಿನ ಬಿಟ್ಟೆ. ಏನಾಯ್ತು? ನೀವು ರಾಮೆನ್ ತಿಂದ್ರಿ."

ಮಾರನೆಯ ದಿನ ಶನಿವಾರ. ಪವಿತ್ರಾ ನನ್ನ ಎಡಗಡೆ ಪುಸ್ತಕ ತೆರೆದು ಕೂತಿದ್ದಳು, ಬೆಳಕಿನ ಪ್ರತಿಫಲನದ ಪಾಠ. ನಮ್ಮ ಹಿಂದೆ ನಯನಾ ಮತ್ತು ಅವಳ ಗೆಳತಿಯರು ಮೂವರು ನಿಂತಿದ್ದರು. ನಾನೇ ಬೆಳಿಗ್ಗೆ ಕರೆದು, "ಇವತ್ತು ಬನ್ನಿ, ಜಾಗ ಸಿಗತ್ತೆ, ಪುಸ್ತಕದ ಸುದ್ದಿ ಎತ್ತಲ್ಲ" ಎಂದು ಮಾತು ಕೊಟ್ಟಿದ್ದೆ. ಎಂಟು ನಿಮಿಷಕ್ಕೆ ನನ್ನ ಬಟ್ಟಲು ಮುಗಿಯಿತು. ಪವಿತ್ರಾಳದು ಮುಕ್ಕಾಲು ಭಾಗ ಹಾಗೇ ಇತ್ತು. ಮಂಡಿಯ ಮೇಲೆ ಕೈಯೂರಿದೆ. ಅರ್ಧ ಎದ್ದೆ.

"ಅಂಕಲ್, ನಂದಿನ್ನೂ ಮುಗಿದಿಲ್ಲ" ಎಂದಳು ಪವಿತ್ರಾ, ಪುಸ್ತಕದಿಂದ ಮುಖ ಎತ್ತದೆ.

ನಾನು ಪೂರ್ತಿ ಏಳಲೂ ಇಲ್ಲ, ಕೂರಲೂ ಇಲ್ಲ. ಆ ಸ್ಥಿತಿಯಲ್ಲಿ ಐವತ್ತಾರರ ಸೊಂಟ ಬಹಳ ಹೊತ್ತು ನಿಲ್ಲುವುದಿಲ್ಲ. ಒಲೆಯ ಹತ್ತಿರದಿಂದ ಸೆಲ್ವಿ ತಮಿಳಿನಲ್ಲಿ ಮಗಳನ್ನು ಗದರಿದಳು. ಬೇಗ ತಿನ್ನೇ, ಜನ ನಿಂತಿರುವುದು ಕಾಣುವುದಿಲ್ಲವೇ ಎಂದಿರಬೇಕು. ಹುಡುಗಿ ಹಿಂದೆ ತಿರುಗಿ ನಿಂತವರನ್ನು ನೋಡಿದಳು. ಬಗ್ಗಿ ನಿಂತ ನನ್ನನ್ನು ನೋಡಿದಳು. ಪುಸ್ತಕ ಮುಚ್ಚಿದಳು. ಎಳೆಗಳನ್ನೆಲ್ಲ ನಾಲ್ಕೇ ತುತ್ತಿಗೆ ಬಾಯಿಗೆ ತುಂಬಿಕೊಂಡು, ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, ಸಾರನ್ನು ಸುರ್ರೆಂದು ಒಂದೇ ಉಸಿರಿಗೆ ಕುಡಿದು, ಕೈಯ ಹಿಂಬದಿಯಿಂದ ಬಾಯಿ ಒರೆಸಿಕೊಂಡಳು.

"ಹ್ಞೂಂ, ಈಗ ಏಳಿ" ಎಂದಳು.

ಇಬ್ಬರೂ ಒಟ್ಟಿಗೆ ಎದ್ದೆವು. ನಾವು ಕೈ ತೊಳೆಯುವಷ್ಟರಲ್ಲಿ ಎರಡೂ ಸ್ಟೂಲು ತುಂಬಿದ್ದವು. ಬಲಗಡೆಯದೂ ತುಂಬಿತ್ತು. ಸೆಲ್ವಿ ಚಕ್ಕುಲಿ ಒರಳನ್ನು ಎರಡೂ ಕೈಯಲ್ಲಿ ಅದುಮುತ್ತಾ ಒಮ್ಮೆ ನಮ್ಮ ಕಡೆ ನೋಡಿದಳು. ನನಗೆ ಬಹಳ ಸಂತೋಷವಾಯಿತು.

ಆಮೇಲಿನದೆಲ್ಲ ಪವಿತ್ರಾಳ ಬುದ್ಧಿ. ಒಬ್ಬೊಬ್ಬರೇ ಬಂದು ಒಬ್ಬೊಬ್ಬರೇ ಏಳುವುದರಿಂದ ಅಮ್ಮನಿಗೆ ಒಂದೊಂದು ಬಟ್ಟಲಿಗೂ ಬೇರೆ ಬೇರೆ ಒತ್ತಬೇಕು ಎಂದು ಅವಳು ಕಂಡುಕೊಂಡಳು. ಮುಂದಿನ ಶನಿವಾರದಿಂದ ನಾಲ್ವರು ಒಟ್ಟಿಗೆ ಕೂರಬೇಕು, ನಾಲ್ವರಿಗೂ ಒಮ್ಮೆಗೇ ಬಡಿಸುವುದು, ನಾಲ್ವರೂ ಒಟ್ಟಿಗೆ ಏಳಬೇಕು. ನಿಧಾನದವರನ್ನು ಉಳಿದ ಮೂವರು ಕಾಯಬೇಕು, ಆದ್ದರಿಂದ ಯಾರೂ ನಿಧಾನ ಮಾಡುವುದಿಲ್ಲ. ಒಂದು ಪಂಕ್ತಿಗೆ ಹನ್ನೆರಡು ನಿಮಿಷ. ಮಧ್ಯಾಹ್ನದ ಬಿಡುವಿನಲ್ಲಿ ಐದು ಪಂಕ್ತಿ ಏಳುತ್ತದೆ. "ಎರಡ್ನೇ ಪಂಕ್ತಿ ಬನ್ರಪ್ಪಾ" ಎಂದು ಸೆಲ್ವಿ ಕೂಗುವುದು ನಮ್ಮ ಮೊದಲ ಮಹಡಿಯ ಕಿಟಕಿಗೂ ಕೇಳಿಸುತ್ತದೆ. ಯಾರ ಪಕ್ಕ ಯಾರು ಬರುತ್ತಾರೆ ಎಂದು ಯಾರೂ ನೋಡುವುದಿಲ್ಲ, ಸಾಲಿನಲ್ಲಿ ನಿಂತ ಹಾಗೆ ಕೂರುವುದು. ಹನ್ನೆರಡೇ ನಿಮಿಷ ಎಂಬ ಧೈರ್ಯದಿಂದ ನನ್ನ ಆಚೆ ಈಚೆಗೂ ಹುಡುಗರು ಕೂರುತ್ತಾರೆ. ಕೆಲವರು ಅದೇ ಸಂಕೋಚಕ್ಕೆ ಸಂಜೆ ಪುಸ್ತಕವನ್ನೂ ತಂದುಕೊಟ್ಟಿದ್ದಾರೆ. ನಯನಾಳ ಪಟ್ಟಿ ಈಗ ಬದಲಾಗಿದೆ. ಟೋಕಿಯೋ ದರ್ಶಿನಿಯವರು ನನ್ನನ್ನು ಕಂಡರೆ ಮಾತಾಡಿಸುವುದಿಲ್ಲ.

ದಸರಾ ರಜೆಗೆ ಎರಡು ದಿನವಿದ್ದಾಗ ನಾನು ಮೂರನೇ ಪಂಕ್ತಿಯಲ್ಲಿದ್ದೆ. ಹಲಗೆಯ ಮೇಲಿಟ್ಟಿದ್ದ ಸೆಲ್ವಿಯ ಫೋನು ಹೊಡೆದುಕೊಂಡಿತು. ಅವಳ ಒಂದು ಕೈಯಲ್ಲಿ ಒರಳು, ಇನ್ನೊಂದರಲ್ಲಿ ಸೌಟು. "ತಂಗಿ ಸಾರ್, ಸ್ವಲ್ಪ ಎತ್ತಿ" ಎಂದಳು. ಎತ್ತಿದೆ. ಭದ್ರಾವತಿಯಲ್ಲೇ ಹುಟ್ಟಿ ಬೆಳೆದ ಹೆಂಗಸು, ಕನ್ನಡದಲ್ಲೇ ಕೇಳಿದಳು. "ಅಕ್ಕ ಯಾವಾಗ ಹೊರಡ್ತಾಳಂತೆ? ಇಲ್ಲಿ ಕಂಪನೀಲಿ ಹೇಳಿಟ್ಟಿದೀನಿ."

ನಾನು ಫೋನಿಗೆ ಕೈ ಅಡ್ಡ ಹಿಡಿದು ಸೆಲ್ವಿಯನ್ನು ಕೇಳಿದೆ. ಅವಳು ತಿರುಗಿ ಕೂತಿದ್ದ ನಾಲ್ವರನ್ನು, ಅವರ ಹಿಂದೆ ನಿಂತಿದ್ದವರನ್ನು ನೋಡಿದಳು.

"ಜನ ಊಟ ಮಾಡ್ತಿರುವಾಗ ಏಳೋ ಹಾಗಿಲ್ಲ ಅಂತ ಹೇಳಿ ಸಾರ್" ಎಂದಳು.

ಹೇಳಿದೆ. ತಂಗಿ, "ಎಷ್ಟು ಹೊತ್ತಿಗೆ ಮುಗಿಯತ್ತೆ?" ಎಂದು ಕೇಳಿದಳು.

ನಾನು ಸಾಲನ್ನು ನೋಡಿದೆ. ಅದು ಜೆರಾಕ್ಸ್ ಅಂಗಡಿ ದಾಟಿ ಗೇಟಿನವರೆಗೆ ಹೋಗಿತ್ತು.

"ಸದ್ಯಕ್ಕೆ ಹೇಳೋಕಾಗಲ್ಲಮ್ಮ" ಎಂದೆ.